ನೆವಿಲ್ ಸ್ಕ್ರಿವನ್‌ನ ಲೆಕ್ಕಕ್ಕಿಲ್ಲದ ಗೆಲುವು

ನೆವಿಲ್ ಸ್ಕ್ರಿವನ್ ಮೇಲಿನ ಲೀಗಿನಲ್ಲಿ ಒಂದೇ ಒಂದು ಬೈಕ್ ಓಟ ಓಡಿದ. ಅದನ್ನು ಗೆದ್ದ. ನಿಯಮದ ಪ್ರಕಾರ ಆ ಓಟ ನಡೆದೇ ಇಲ್ಲ. ಈ ಮೂರೂ ಸಂಗತಿ ಸ್ಕೆಲ್ಡನ್ ಊರಿಗೆಲ್ಲ ಗೊತ್ತಿತ್ತು. ಮೊದಲ ಎರಡನ್ನು ನೆವಿಲ್ ತಾನೇ ಹೇಳುತ್ತಿದ್ದ. ಮೂರನೆಯದನ್ನು ಹೇಳುವುದಕ್ಕೆ ಪಕ್ಕದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಸಾಮಾನ್ಯವಾಗಿ ಆ ಒಬ್ಬ ಐವರ್ ಗಾಟ್ ಆಗಿರುತ್ತಿದ್ದ.

ಐವರ್ ಊರಿನ ಬೈಕ್ ತಂಡದ ಅಭಿಮಾನಿಗಳ ಸಂಘದ ಕಾರ್ಯದರ್ಶಿ. ನೌಕರಿಯಲ್ಲಿದ್ದಾಗ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೂ ಬಿಯರ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡದೆ ತುಟಿಗೆ ಹಚ್ಚುತ್ತಿರಲಿಲ್ಲ. ನೆವಿಲ್‌ನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ನಿಜ ಹೇಳಬೇಕೆಂದರೆ ನೆವಿಲ್‌ಗೆ ಅವನಿಗಿಂತ ಹತ್ತಿರದ ಗೆಳೆಯ ಇನ್ನೊಬ್ಬನಿರಲಿಲ್ಲ. ನೆವಿಲ್‌ನ ಮದುವೆಯಲ್ಲಿ ಉಂಗುರ ಹಿಡಿದು ನಿಂತವನೂ ಅವನೇ, ಆ ಉಂಗುರ ಸ್ವಲ್ಪ ಸಡಿಲವಾಗಿದೆ ಎಂದು ಪಾದ್ರಿಯ ಎದುರೇ ಹೇಳಿದವನೂ ಅವನೇ. ಗೆಳೆತನ ಒಂದು ಕಡೆ, ಲೆಕ್ಕ ಒಂದು ಕಡೆ ಎಂಬುದು ಅವನ ನಿಲುವು. ಸುಳ್ಳು ತೂಕದ ಕಲ್ಲು ಸ್ವಂತ ಅತ್ತಿಗೆಯ ಅಂಗಡಿಯಲ್ಲಿ ಸಿಕ್ಕಾಗಲೂ ಅವನು ಬಿಟ್ಟಿರಲಿಲ್ಲ.

ನೆವಿಲ್ ಹುಟ್ಟಿ ಬೆಳೆದದ್ದು ಸಕ್ಕರೆ ಗೆಡ್ಡೆಯ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಅಪ್ಪನೂ ಅಲ್ಲೇ ಫಿಟ್ಟರ್, ಮಗನೂ ಅಲ್ಲೇ ಫಿಟ್ಟರ್. ಚಳಿಗಾಲವೆಲ್ಲ ಊರು ಬೆಂದ ಗೆಡ್ಡೆಯ ವಾಸನೆ ಹೊಡೆಯುತ್ತಿತ್ತು. ಬೇಸಿಗೆ ಬಂದರೆ ಗುರುವಾರ ಸಂಜೆಗಳಲ್ಲಿ ಮಾತ್ರ ಸುಟ್ಟ ಹರಳೆಣ್ಣೆಯ ವಾಸನೆ. ಅದು ಬೈಕುಗಳದ್ದು. ಸ್ಕೆಲ್ಡನ್ ಹೆರನ್ಸ್ ತಂಡದ ಎದೆಯ ಮೇಲೆ ಒಂಟಿಕಾಲಿನ ಕೊಕ್ಕರೆ ಇತ್ತು. ಎಡಗಾಲು ಚಾಚಿಕೊಂಡು ಬೈಕನ್ನು ಅಡ್ಡ ಜಾರಿಸುತ್ತಾ ಸುತ್ತುವವರಿಗೆ ಅದಕ್ಕಿಂತ ಒಪ್ಪುವ ಗುರುತು ಸಿಗಲಾರದು. ನಾಲ್ಕು ಜನ, ನಾಲ್ಕು ಸುತ್ತು, ಬರೀ ಎಡಕ್ಕೆ ತಿರುವು, ಒಂದೇ ಗೇರು. ಬ್ರೇಕಿಲ್ಲ. ನೆವಿಲ್ ಮೊದಲ ಬೈಕನ್ನು ಮನೆಗೆ ತಂದಾಗ ಅವನಮ್ಮ ಅದರ ಸುತ್ತ ಎರಡು ಸಲ ಬಂದು ನೋಡಿ, ಬ್ರೇಕ್ ಎಲ್ಲಿ ಎಂದು ಕೇಳಿದಳು.

"ಇಲ್ಲಮ್ಮ. ಇದ್ರೆ ಹಾಕ್ಬಿಡ್ತೀವಲ್ಲ" ಎಂದ ನೆವಿಲ್.

ಅವಳು ಮುಂದೆ ಒಂದು ಪಂದ್ಯಕ್ಕೂ ಬರಲಿಲ್ಲ.

ನೆವಿಲ್ ಹೆರನ್ಸ್ ಪರ ಎಂಟು ಋತು ಓಡಿದ. ಗೆದ್ದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ನೆವಿಲ್ ಮೂರನೆಯವನು. ಎದುರಾಳಿ ದುರ್ಬಲನಾದರೂ ಮೂರನೆಯವನು, ಬಲಿಷ್ಠನಾದರೂ ಮೂರನೆಯವನು. ಬೆಳಿಗ್ಗೆ ಬಾಗಿಲ ಮುಂದೆ ಹಾಲಿನ ಬಾಟಲಿ ಇರುವಷ್ಟೇ ಖಾತರಿಯಾಗಿ ಅವನ ಒಂದು ಅಂಕ ಬರುತ್ತಿತ್ತು. ಎರಡನೇ ತಿರುವಿನ ಬೇಲಿಯ ಬಳಿ ನಿಲ್ಲುತ್ತಿದ್ದ ಬೆರಿಲ್ ಎಂಬ ಹುಡುಗಿಯ ಮುಖಕ್ಕೆ ಅವನ ಹಿಂದಿನ ಚಕ್ರ ಪ್ರತಿ ವಾರವೂ ಟ್ರ್ಯಾಕಿನ ಕೆಂಪು ಕಲ್ಲುಪುಡಿ ಎರಚುತ್ತಿತ್ತು. ಮೂರನೇ ವಾರ ಅವಳು ಬೈಕುಗಳನ್ನು ನಿಲ್ಲಿಸುವ ಪಿಟ್ಟಿನ ಬಾಗಿಲಿಗೆ ಬಂದು, ಇನ್ನು ಮೇಲೆ ತಾನು ಎಲ್ಲಿ ನಿಲ್ಲಬೇಕೆಂದು ಅವನೇ ತೋರಿಸಬೇಕೆಂದು ಜಗಳ ತೆಗೆದಳು. ಅವನು ತೋರಿಸಿದ. ಮುಂದಿನ ವರ್ಷ ಮದುವೆಯಾದರು.

ಹೆರನ್ಸ್ ಎರಡನೇ ಡಿವಿಜನ್ನಿನ ತಂಡ. ಅಂಥ ತಂಡದ ಹಣೆಬರಹ ಏನೆಂದರೆ, ಚೆನ್ನಾಗಿ ಓಡಿಸುವವನು ಉಳಿಯುವುದಿಲ್ಲ. ಎರಡು ಋತುವಿನಲ್ಲಿ ಮೇಲಿನ ಲೀಗಾದ ಮೊದಲ ಡಿವಿಜನ್ನಿನವರು ಬಂದು ಎತ್ತಿಕೊಂಡು ಹೋಗುತ್ತಾರೆ. ಹಾಗೆ ಹೋಗುವವನನ್ನು ಕೊನೆಯ ಗುರುವಾರ ಜೊತೆಗಾರರು ಮೂರು ಸಲ ಮೇಲಕ್ಕೆ ಎಸೆದು ಹಿಡಿಯುತ್ತಿದ್ದರು, ಅಭಿಮಾನಿಗಳ ಸಂಘ ಒಂದು ವಿದ್ಯುತ್ ಕೆಟಲ್ ಕೊಡುತ್ತಿತ್ತು. ಕೆಟಲ್ಲೇ ಏಕೆಂದರೆ, ಮೊದಲು ಹೋದವನು ಏನು ಬೇಕಪ್ಪ ಎಂದಾಗ ಅದನ್ನೇ ಕೇಳಿದ್ದ. ಆಮೇಲೆ ಬದಲಾಯಿಸಲು ಯಾರಿಗೂ ಧೈರ್ಯವಾಗಲಿಲ್ಲ. ಹೋದವರ ಮೇಲೆ ಊರಿಗೆ ಸಿಟ್ಟಿರಲಿಲ್ಲ. ಚಹಾ ಗೂಡಿನ ಮುಂದೆ ನಿಂತ ಮುದುಕರು ಅವರ ಹೆಸರುಗಳನ್ನು ಹೋದ ಕ್ರಮದಲ್ಲೇ ಅಷ್ಟೋತ್ತರದ ಹಾಗೆ ಒಪ್ಪಿಸುತ್ತಿದ್ದರು: ನ್ಯೂಜಿಲೆಂಡಿನಿಂದ ಬಂದು ಚಳಿಗೆ ಅಳುತ್ತಲೇ ಗೆಲ್ಲುತ್ತಿದ್ದ ಕೆಂಪು ತಲೆಯ ಮರ್ವಿನ್ ಹೋಕ್, ಓಟಗಳ ನಡುವಿನ ಬಿಡುವಿನಲ್ಲಿ ಬೈಕಿನ ಮೇಲೇ ಗೊರಕೆ ಹೊಡೆಯುತ್ತಿದ್ದ ಇನ್ನೊಬ್ಬ, ಎಲ್ಲರಿಗಿಂತ ಎತ್ತರಕ್ಕೆ ಹೋಗಿ ದೇಶದ ಪರವಾಗಿಯೇ ಓಡಿದ ಡಗ್ ವಿಂಟರ್‌ಬಾರ್ನ್. ಈ ಸಾಲಿನಲ್ಲಿ ನೆವಿಲ್ ಇಲ್ಲ. ಅವನ ಮನೆಯ ಕೆಟಲ್ ಅಂಗಡಿಯಿಂದ ತಂದದ್ದು.

ಇನ್ನು ಆ ಓಟ. 1972ರ ಜೂನ್ ತಿಂಗಳ ಒಂದು ಬುಧವಾರ ಮಧ್ಯಾಹ್ನ ಕಾರ್ಖಾನೆಗೆ ಫೋನ್ ಬಂತು. ಮೊದಲ ಡಿವಿಜನ್ನಿನ ಕ್ಯಾಸಲ್‌ಗೇಟ್ ತಂಡದ ಮೀಸಲು ಸವಾರ ಗೋಡೆಗೆ ಕಾಗದ ಅಂಟಿಸುವಾಗ ಏಣಿಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದ. ಸಂಜೆಗೆ ಒಬ್ಬ ಬೇಕಿತ್ತು, ಯಾರಾದರೂ ಆದೀತು. ಯಾರಾದರೂ ಎಂಬ ಆ ಮಾತನ್ನು ನೆವಿಲ್ ಅವಮಾನವೆಂದು ತಿಳಿಯಲಿಲ್ಲ. ಬೈಕನ್ನು ಕಾರಿನ ಹಿಂದಕ್ಕೆ ಕಟ್ಟಿಕೊಂಡು ಹೊರಟ. ಸುದ್ದಿ ಕೇಳಿ ಊರಿನಿಂದ ಒಂದು ಬಸ್ಸು ತುಂಬ ಜನ ಅವನ ಹಿಂದೆಯೇ ಹೊರಟರು. ಬೆರಿಲ್ ಇದ್ದಳು, ಐವರ್ ಇದ್ದ.

ಎದುರಾಳಿ ಬ್ರ್ಯಾಕನ್‌ಹಿಲ್. ಅದರ ನಾಯಕ ಆಗ ಡಗ್ ವಿಂಟರ್‌ಬಾರ್ನ್. ನಾಲ್ಕನೇ ಓಟಕ್ಕೆ ನೆವಿಲ್‌ನ ಸರದಿ ಬರುವ ಹೊತ್ತಿಗೆ ತುಂತುರು ಶುರುವಾಗಿತ್ತು. ಉಳಿದ ಮೂವರೂ ವೇಗ ಸಿಗುವ ಹೊರ ಅಂಚಿಗೆ ಹೋದರು, ಅಲ್ಲಿ ಕಲ್ಲುಪುಡಿ ಆಗಲೇ ಕೆಸರಾಗಿತ್ತು. ನೆವಿಲ್ ಒಳ ಅಂಚಿನಲ್ಲಿ ಉಳಿದ. ಜಾಣತನದಿಂದಲ್ಲ, ಆರು ಋತುವಿನಲ್ಲಿ ಅವನಿಗೆ ಬೇರೆ ದಾರಿ ಯಾರೂ ಬಿಟ್ಟುಕೊಟ್ಟಿರಲಿಲ್ಲ, ಅಭ್ಯಾಸವಾಗಿಹೋಗಿತ್ತು. ಅಂದು ಒಣಗಿದ್ದದ್ದು ಆ ಒಂದು ಗಜದಷ್ಟು ಅಗಲ ಮಾತ್ರ. ಮೂರನೇ ಸುತ್ತಿನಲ್ಲಿ ಅವನು ಡಗ್‌ನನ್ನು ದಾಟಿದ. ಮುಂದೆ ಯಾರೂ ಕಾಣದಿದ್ದಾಗ, ಎಲ್ಲರೂ ತನ್ನನ್ನು ಬಿಟ್ಟು ಮುಗಿಸಿಯೇ ಹೋದರೋ ಏನೋ ಎಂದು ಅವನಿಗೆ ಗಾಬರಿಯಾಯಿತು. ಗೆರೆ ದಾಟಿದ ಮೇಲೂ, ಯಾವುದಕ್ಕೂ ಇರಲಿ ಎಂದು, ಇನ್ನೊಂದು ಸುತ್ತು ಜೋರಾಗಿಯೇ ಹೊಡೆದ.

ಐದನೇ ಓಟದ ಹೊತ್ತಿಗೆ ಮಳೆ ಧಾರಾಕಾರವಾಯಿತು. ರೆಫರಿ ಕೆಳಗಿಳಿದು ಟ್ರ್ಯಾಕಿನ ಮೇಲೆ ನಾಲ್ಕು ಹೆಜ್ಜೆ ಇಟ್ಟ. ಐದನೆಯ ಹೆಜ್ಜೆಗೆ ಅವನ ಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಬಂತು. ಪಂದ್ಯ ರದ್ದಾಯಿತು. ಅಷ್ಟು ಬೇಗ ರದ್ದಾದ ಪಂದ್ಯ ಮೊದಲಿನಿಂದ ಮತ್ತೆ ನಡೆಯಬೇಕು, ಅಲ್ಲಿಯವರೆಗಿನ ಅಂಕ ಯಾವುದೂ ಯಾರ ಖಾತೆಗೂ ಸೇರುವುದಿಲ್ಲ, ಅದು ನಿಯಮ. ಆಗಸ್ಟಿನಲ್ಲಿ ಮತ್ತೆ ನಡೆಯಿತು. ಅಷ್ಟರಲ್ಲಿ ಕ್ಯಾಸಲ್‌ಗೇಟಿನ ಹುಡುಗನ ಕೊರಳೆಲುಬು ಕೂಡಿಕೊಂಡಿತ್ತು. ನೆವಿಲ್‌ಗೆ ಇನ್ನೊಂದು ಫೋನ್ ಎಂದೂ ಬರಲಿಲ್ಲ.

ಎರಡು ವರ್ಷದ ನಂತರ ಸೊಂಟ ಸಾಕೆಂದಿತು. ನೆವಿಲ್ ಬೈಕು ಬಿಟ್ಟು ಟ್ರ್ಯಾಕ್ಟರ್ ಹತ್ತಿದ. ಗುರುವಾರ ಗುರುವಾರ ಕಲ್ಲುಪುಡಿಗೆ ನೀರು ಹಾಯಿಸುವುದು, ಕುಂಟೆ ಹೊಡೆಯುವುದು, ನಾಲ್ಕು ನಾಲ್ಕು ಓಟಕ್ಕೊಮ್ಮೆ ಟ್ರ್ಯಾಕ್ ಮಟ್ಟ ಮಾಡುವುದು ಅವನ ಕೆಲಸ. ಬೆರಿಲ್ ಎರಡನೇ ತಿರುವಿನ ಚಹಾ ಗೂಡು ವಹಿಸಿಕೊಂಡಳು. ಹೀಗೆ ಇಪ್ಪತ್ತೆರಡು ಬೇಸಿಗೆ ಹೋದವು. ಟ್ರ್ಯಾಕ್ ಬಗ್ಗೆ ಅವನನ್ನು ಯಾರೂ ಹಂಗಿಸುವಂತಿರಲಿಲ್ಲ. ಉಳಿದ ವಿಷಯಕ್ಕೆ ದಿನವೂ ಹಂಗಿಸುತ್ತಿದ್ದರು. ಮೋಡ ಕವಿದರೆ ಸಾಕು, "ನೆವಿಲ್, ಬೈಕ್ ತಗೊಂಡು ಬಾ, ಇವತ್ತು ನಿನ್ನ ದಿನ" ಎಂದು ಯಾರಾದರೂ ಕೂಗುತ್ತಿದ್ದರು. ಅವನು ನಕ್ಕು ಕೈ ಎತ್ತುತ್ತಿದ್ದ. ಎತ್ತಿದ ಕೈ ಇಳಿಸುವಾಗ ಅವನ ಮುಖದಲ್ಲಿ ನಗು ಉಳಿದಿರುವುದಿಲ್ಲ ಎಂಬುದನ್ನು ಗೂಡಿನ ಕಿಂಡಿಯಿಂದ ಬೆರಿಲ್ ಮಾತ್ರ ನೋಡಿದ್ದಳು.

1996ರಲ್ಲಿ ತಂಡವನ್ನು ನಡೆಸುತ್ತಿದ್ದವನು ಗೋರ್ಡನ್ ಪೆಲ್. ಹಳೇ ಕಾರು ಮಾರುವುದು ಅವನ ವ್ಯಾಪಾರ, ಹೊಸ ಉಪಾಯ ಹೂಡುವುದು ಚಟ. ಜನ ಕಡಿಮೆಯಾಗುತ್ತಿದ್ದಾರೆಂದು ಅವನು ಆಗಸ್ಟಿನ ಒಂದು ಗುರುವಾರವನ್ನು, ಮೇಲಿನ ಲೀಗಿಗೆ ಹೋದ ನಮ್ಮ ಹುಡುಗರ ಸಂಜೆ ಎಂದು ಸಾರಿದ. ಹುಡುಗರೆಲ್ಲ ಐವತ್ತು ದಾಟಿದವರು. ಅವರನ್ನು ಟ್ರೇಲರ್ ಮೇಲೆ ನಿಲ್ಲಿಸಿ, ಓಟಗಳಿಗೆ ಮುಂಚೆ ಟ್ರ್ಯಾಕಿನ ಸುತ್ತ ಒಂದು ಮೆರವಣಿಗೆ. ಒಬ್ಬೊಬ್ಬರ ಹೆಸರನ್ನೂ ಧ್ವನಿವರ್ಧಕದಲ್ಲಿ ಕರೆಯುವುದು. ಯಾರು ಹತ್ತಬೇಕು ಎಂದು ನಿರ್ಧರಿಸುವ ಕೆಲಸ ಐವರ್‌ನದು. ಹೆರನ್ಸ್ ಪರ ಓಡಿ, ಆಮೇಲೆ ಮೊದಲ ಡಿವಿಜನ್ನಿನಲ್ಲಿ ಕನಿಷ್ಠ ಒಂದು ಅಂಕ ಗಳಿಸಿದವನು ಅರ್ಹ ಎಂದು ಅವನು ಗೆರೆ ಎಳೆದ. ಹನ್ನೊಂದು ಜನ ಸಿಕ್ಕರು.

"ಟ್ರೇಲರ್ ಎಳೆಯೋದು ನೀನೇ ಗುರು" ಎಂದು ಗೋರ್ಡನ್ ನೆವಿಲ್‌ನ ಬೆನ್ನು ತಟ್ಟಿದ. "ಆ ಟ್ರ್ಯಾಕ್ಟರ್ ನಿನ್ನ ಬಿಟ್ರೆ ಇನ್ಯಾರ ಮಾತು ಕೇಳತ್ತೆ?"

ನೆವಿಲ್ ಆಗಲಿ ಎಂದ. ಆ ವಾರವೆಲ್ಲ ಟ್ರ್ಯಾಕ್ಟರಿಗೆ ಗ್ರೀಸು ಹಚ್ಚಿದ. ಗ್ರೀಸು ಹಚ್ಚುವುದು ಸದ್ದಿಲ್ಲದ ಕೆಲಸ. ಅವನು ಅದನ್ನು ಮೂರು ಮನೆಗೆ ಕೇಳುವಷ್ಟು ಸದ್ದಿನಿಂದ ಮಾಡಿದ. ಬೆರಿಲ್ ಅಂಗಳಕ್ಕೆ ಬಂದು, ಐವರ್‌ನನ್ನು ಹೋಗಿ ಒಂದು ಮಾತು ಕೇಳಬಾರದೇ ಎಂದಳು.

"ಕೇಳಲ್ಲ."

"ಯಾಕೆ, ಬಾಯಿ ಸವೆದೋಗತ್ತಾ?"

"ಕೇಳಿ ಈಸ್ಕೊಂಡ್ರೆ ಅದು ಮರ್ಯಾದೆ ಅಲ್ಲ ಕಣೇ, ಚಂದಾ ಎತ್ತಿದ ಹಾಗೆ."

ಬೆರಿಲ್ ಒಳಗೆ ಹೋದಳು. ಆದರೆ ಅಂದಿನಿಂದ ಐವರ್‌ಗೆ ಅವಳ ಗೂಡಿನಲ್ಲಿ ಸಕ್ಕರೆ ಮುಗಿದುಹೋಗಿರುತ್ತಿತ್ತು. ಅವನ ಹಿಂದೆ ನಿಂತವನಿಗೆ ಸಿಗುತ್ತಿತ್ತು. ಗೆಡ್ಡೆಯಿಂದ ಸಕ್ಕರೆ ತೆಗೆಯುವ ಊರಿನಲ್ಲಿ ಇದೇನು ಅನ್ಯಾಯ ಎಂದು ಐವರ್ ಗೊಣಗಿದರೆ, ಅವಳು ಗೆರೆ ಎಳೆದಾಗಿದೆ ಎಂದು ಹೇಳಿ ಬಟ್ಟೆಯಿಂದ ಹಲಗೆ ಒರೆಸುತ್ತಿದ್ದಳು.

ಗುರುವಾರ ಬಂತು. ಆಕಾಶ ಶುಭ್ರವಾಗಿತ್ತು. ಡಗ್ ವಿಂಟರ್‌ಬಾರ್ನ್ ಮಧ್ಯಾಹ್ನವೇ ಬಂದಿಳಿದ, ಹೊಸ ಸೊಂಟದ ಕೀಲು ಹಾಕಿಸಿಕೊಂಡಿದ್ದರಿಂದ ಕೋಲು ಊರಿಕೊಂಡು. ಅವನೀಗ ಬ್ರ್ಯಾಕನ್‌ಹಿಲ್‌ನಲ್ಲಿ ಒಂದು ಪಬ್ ನಡೆಸುತ್ತಿದ್ದ. ನೆವಿಲ್ ನೀರು ಹಾಯಿಸುತ್ತಿದ್ದಲ್ಲಿಗೇ ಬಂದು ಬೇಲಿಗೆ ಒರಗಿ ನಿಂತ. ಇಬ್ಬರೂ ಟ್ರ್ಯಾಕಿನ ಬಗ್ಗೆ ಮಾತಾಡಿದರು, ಸೊಂಟಗಳ ಬಗ್ಗೆ ಮಾತಾಡಿದರು, ಯಾವ ಡಾಕ್ಟರು ಯಾವ ಕಾಲಿಗೆ ವಾಸಿ ಎಂದು ಮಾತಾಡಿದರು. ಕ್ಯಾಸಲ್‌ಗೇಟಿನ ಆ ಬುಧವಾರ ನಿನಗೆ ನೆನಪಿದೆಯೇ ಎಂಬ ಒಂದು ಪ್ರಶ್ನೆಯನ್ನು ನೆವಿಲ್ ಇಪ್ಪತ್ತನಾಲ್ಕು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ. ಅದು ಅಲ್ಲೇ ಉಳಿಯಿತು. ಡಗ್‌ಗೆ ನೆನಪಿಲ್ಲದೆ ಹೋದರೆ ಏನು ಮಾಡುವುದು ಎಂಬುದೇ ಅವನ ಭಯ. ನಿಯಮ ಒಪ್ಪದ ಓಟವನ್ನು ಸೋತವನೂ ಮರೆತಿದ್ದರೆ, ಅದು ನಡೆದದ್ದು ಬಸ್ಸಿನಲ್ಲಿ ಬಂದಿದ್ದವರ ತಲೆಯಲ್ಲಿ ಮಾತ್ರ, ಆ ತಲೆಗಳೂ ವರ್ಷಕ್ಕೆ ಒಂದೆರಡು ಕಡಿಮೆಯಾಗುತ್ತಿದ್ದವು. ಚಹಾ ಕುಡಿಯೋಣ ಬಾ ಎಂದು ಅವನು ನಲ್ಲಿ ಮುಚ್ಚಿದ.

ಗೂಡಿನ ಮುಂದೆ ಐವರ್ ಆಗಲೇ ಸಕ್ಕರೆಯಿಲ್ಲದ ಚಹಾ ಹಿಡಿದು ನಿಂತಿದ್ದ. ಬೆರಿಲ್ ಡಗ್‌ಗೆ ಈರುಳ್ಳಿ ಹಾಕಿದ ಸಾಸೇಜ್ ಬನ್ನು ಕೊಟ್ಟಳು, ದುಡ್ಡು ಬೇಡವೆಂದಳು, ಅವನು ಮೊದಲ ತುತ್ತು ಕಚ್ಚುವವರೆಗೆ ಕಾದಳು. ಬಾಯಿ ತುಂಬಿದವನು ಓಡಿಹೋಗಲಾರ.

"ಡಗ್, ಎಪ್ಪತ್ತೆರಡರಲ್ಲಿ ಕ್ಯಾಸಲ್‌ಗೇಟ್‌ನಲ್ಲಿ ಮಳೆ ಬಂತಲ್ಲ, ಅವತ್ತು ನಾಲ್ಕನೇ ಓಟ ಗೆದ್ದಿದ್ದು ಯಾರು?"

ನೆವಿಲ್ ತನ್ನ ಚಹಾದೊಳಗೆ ಬಹಳ ಆಸಕ್ತಿಯಿಂದ ನೋಡತೊಡಗಿದ. ಡಗ್ ಅಗಿಯುವುದನ್ನು ನಿಲ್ಲಿಸಿದ. ಮತ್ತೆ ನಿಧಾನವಾಗಿ ಅಗಿದು ನುಂಗಿದ.

"ನಿನ್ ಗಂಡ" ಎಂದ. "ಮರೆಯೋಕಾಗತ್ತಾ? ಆ ಮಳೇನ ದೇವರೇ ಕಳಿಸಿದ್ದು."

ಅವನು ಹೇಳಿದ ಕಥೆ ಹೀಗಿತ್ತು. ಆ ವರ್ಷ ಇಡೀ ಋತುವಿನಲ್ಲಿ ಯಾವ ಮೀಸಲು ಸವಾರನೂ ಅವನನ್ನು ಸೋಲಿಸಿರಲಿಲ್ಲ. ಅದನ್ನು ಬ್ರ್ಯಾಕನ್‌ಹಿಲ್‌ನವರು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿಕೊಟ್ಟಿದ್ದರು. ಫಲಕ ಈಗ ಅವನ ಪಬ್ಬಿನಲ್ಲಿ ಬಿಯರ್ ನಲ್ಲಿಗಳ ಮೇಲೇ ತೂಗುತ್ತಿದೆ. ಗಿರಾಕಿಗಳು ಅದನ್ನು ಓದಿಯೇ ಮೊದಲ ಲೋಟ ಕೇಳುವುದು. ಕ್ಯಾಸಲ್‌ಗೇಟಿನ ಓಟವೊಂದು ಲೆಕ್ಕಕ್ಕೆ ಸೇರಿದ್ದರೆ ಆ ಫಲಕ ಇರುತ್ತಿರಲಿಲ್ಲ. ಬೂಟು ಕಳೆದುಕೊಂಡ ರೆಫರಿಗೆ ತಾನು ಇವತ್ತಿಗೂ ಕ್ರಿಸ್‌ಮಸ್ ಕಾರ್ಡ್ ಕಳಿಸುತ್ತೇನೆ ಎಂದ ಡಗ್.

ನೆವಿಲ್ ತಲೆ ಎತ್ತಿದ. ಅವನ ಮುಖ ಕೆಂಪಾಗಿತ್ತು. ಸೋತವನಿಗೆ ನೆನಪಿದೆ, ಇಷ್ಟು ವರ್ಷ ತನಗಿಂತ ಹೆಚ್ಚಾಗಿ ನೆನಪಿದೆ. ಅಷ್ಟು ಸಾಕಾಗಿತ್ತು ಅವನಿಗೆ. ಬೆರಿಲ್‌ಗೆ ಸಾಕಾಗಲಿಲ್ಲ.

"ಕೇಳಿಸ್ಕೊಂಡ್ಯಾ ಐವರ್? ಸೋತೋನೇ ಒಪ್ಕೊಂಡ. ಇನ್ನು ಇವನನ್ನ ಟ್ರೇಲರ್ ಹತ್ತಿಸು."

ಐವರ್ ಲೋಟವನ್ನು ಹಲಗೆಯ ಮೇಲೆ ಇಟ್ಟು, ಒಪ್ಪುವುದರಿಂದ ಅಂಕ ಹುಟ್ಟುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿದ. ಓಟ ಲೆಕ್ಕಕ್ಕಿದ್ದರೆ ಡಗ್‌ನ ಫಲಕ ಸುಳ್ಳು. ಫಲಕ ನಿಜವಾದರೆ ಓಟ ಇಲ್ಲ. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ. ತಾನು ಮಾಡಿದ ನಿಯಮವಲ್ಲ ಇದು.

"ಸ್ಕೆಲ್ಡನ್‌ನಲ್ಲಿ ಅವನು ಗೆದ್ದ ಅಂತಾಗಲಿ, ನನ್ನ ಪಬ್ಬಲ್ಲಿ ನಾನು ಸೋತಿಲ್ಲ ಅಂತಾಗಲಿ. ಯಾರಿಗೇನು ನಷ್ಟ?" ಎಂದ ಡಗ್.

"ಒಂದು ಸೇರು ಇಲ್ಲಿ ಒಂದು ತೂಕ, ಅಲ್ಲಿ ಇನ್ನೊಂದು ತೂಕ ಇರೋಕಾಗಲ್ಲ" ಎಂದ ಐವರ್.

ಬೆರಿಲ್ ಎರಡೂ ಮೊಣಕೈಗಳನ್ನು ಕಿಂಡಿಯ ಹಲಗೆಯ ಮೇಲೆ ಊರಿದಳು.

"ಸರಿ ಕಣಪ್ಪ. ಆ ಪಂದ್ಯ ನಡೀಲೇ ಇಲ್ಲ. ಅವತ್ತು ನೀನು ಎಲ್ಲಿದ್ದೆ?"

"ಅಲ್ಲೇ ಇದ್ದೆ. ನಿನ್ನ ಪಕ್ಕದಲ್ಲೇ ನಿಂತಿದ್ದೆ."

"ನೆಂದ್ಯಾ?"

"ನೆಂದೆ."

"ಆಮೇಲೆ?"

ಆಮೇಲೆ ಐವರ್‌ಗೆ ಎದೆಯಲ್ಲಿ ಕಫ ಕಟ್ಟಿ, ಎರಡು ವಾರ ಕಚೇರಿಗೆ ರಜೆ ಹಾಕಿ, ಅವನ ತಾಯಿ ಎದೆಗೆ ಹೆಬ್ಬಾತಿನ ಕೊಬ್ಬು ತಿಕ್ಕಿ, ಆ ವಾಸನೆಗೆ ಬೆಕ್ಕು ಅವನ ಹಾಸಿಗೆ ಬಿಡದೆ ಕೂತದ್ದು ಊರಿಗೆಲ್ಲ ಗೊತ್ತಿತ್ತು.

"ನಡೀದೇ ಇರೋ ಪಂದ್ಯ ನೋಡೋಕೆ ಹೋಗಿ ಜ್ವರ ಬರಿಸ್ಕೊಂಡೋನು ಇಡೀ ಇಂಗ್ಲೆಂಡಲ್ಲಿ ನೀನೊಬ್ನೇ ಇರ್ಬೇಕು" ಎಂದಳು ಬೆರಿಲ್. "ಎರಡು ವಾರ ರಜೆ ಯಾವ ಲೆಕ್ಕದಲ್ಲಿ ತಗೊಂಡೆ?"

ಡಗ್‌ಗೆ ಬನ್ನು ಗಂಟಲಲ್ಲಿ ಸಿಕ್ಕಿಕೊಂಡಿತು. ಐವರ್ ಬಹಳ ಹೊತ್ತು ಕಿಂಡಿಯ ಮೇಲಿನ ದರಪಟ್ಟಿಯನ್ನು ಓದಿದ. ಅಷ್ಟರಲ್ಲಿ ಗೋರ್ಡನ್ ಪೆಲ್ ಓಡಿಬಂದ. ಮೆರವಣಿಗೆಗೆ ಹೊತ್ತಾಗುತ್ತಿದೆ, ಟ್ರೇಲರ್ ಎಲ್ಲಿ, ಟ್ರ್ಯಾಕ್ಟರ್ ಎಲ್ಲಿ ಎಂದು ಕೇಳಿದ. ನೆವಿಲ್ ಮೇಲೆ ನಿಲ್ಲದಿದ್ದರೆ ತಾನೂ ನಿಲ್ಲುವುದಿಲ್ಲ ಎಂದ ಡಗ್. ಗೋರ್ಡನ್‌ನ ಬಣ್ಣ ಇಳಿಯಿತು. ಊರ ತುಂಬ ಅಂಟಿಸಿದ್ದ ಕಾಗದಗಳಲ್ಲಿ ಅವನು ದೊಡ್ಡದಾಗಿ ಹಾಕಿಸಿದ್ದು ಡಗ್‌ನ ಮುಖವನ್ನೇ.

"ನಿಲ್ಲಬಹುದು" ಎಂದ ಐವರ್ ಕೊನೆಗೆ. "ಪುಸ್ತಕದಲ್ಲಿ ಬರೆಯಲ್ಲ. ನಿಲ್ಲಬಹುದು ಅಷ್ಟೇ."

ಬೆರಿಲ್ ಅವನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕದಡಿದಳು.

ಈಗ ಇನ್ನೊಂದು ತೊಡಕು. ನೆವಿಲ್ ಹಿಂದೆ ನಿಂತರೆ ಮುಂದೆ ಕೂರುವವರು ಯಾರು? ಗೋರ್ಡನ್‌ಗೆ ಟ್ರ್ಯಾಕ್ಟರ್ ಬರುತ್ತಿರಲಿಲ್ಲ, ಬೆರಿಲ್ ಗೂಡು ಬಿಡುವಂತಿರಲಿಲ್ಲ. ಡಗ್ ತಾನಿದ್ದೇನೆ ಎಂದ. ಹೇಗೂ ಟ್ರೇಲರ್ ಮೇಲೆ ಅಷ್ಟು ಹೊತ್ತು ನಿಲ್ಲುವುದು ಹೊಸ ಕೀಲಿಗೆ ಕಷ್ಟ. ಬ್ರೇಕಿಲ್ಲದ ಬೈಕಿನಲ್ಲಿ ದೇಶಕ್ಕೆ ಓಡಿದವನಿಗೆ ಟ್ರ್ಯಾಕ್ಟರ್ ಯಾವ ದೊಡ್ಡ ವಿಷಯ. ಇದರಲ್ಲಿ ತಪ್ಪಿದೆ ಎಂದು ನೆವಿಲ್‌ನ ಒಳಗೆ ಏನೋ ಹೇಳಿತು. ಆದರೆ ಆ ಕ್ಷಣ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗ್ರೀಸು ಮೆತ್ತಿದ ಮೇಲಂಗಿ ಕಳಚಿ, ಬೆರಿಲ್ ಎಲ್ಲಿಂದಲೋ ತೆಗೆದುಕೊಟ್ಟ ಕೋಟು ತೊಟ್ಟು, ಕೂದಲನ್ನು ನೀರಿನಿಂದ ಒತ್ತಿಕೊಂಡು ಅವನು ಟ್ರೇಲರ್ ಹತ್ತಿದ. ಅಲ್ಲಿದ್ದ ಹತ್ತು ಮುದುಕರು ಸರಿದು ಜಾಗ ಮಾಡಿದರು. ಕೆಂಪು ತಲೆ ಪೂರ್ತಿ ಬೋಳಾಗಿದ್ದ ಮರ್ವಿನ್ ಹೋಕ್, ಆಗಸ್ಟಿನಲ್ಲೂ ಮಫ್ಲರ್ ಸುತ್ತಿಕೊಂಡವನು, ಅವನ ಕೈ ಕುಲುಕಿ, "ತಡ ಆಯ್ತಲ್ಲ ಮಾರಾಯ, ಎಲ್ಲಿಗೆ ಹೋಗಿದ್ದೆ?" ಎಂದ.

ಮೆರವಣಿಗೆ ಹೊರಟಿತು. ಗ್ಯಾಲರಿಗಳು ವರ್ಷದಲ್ಲಿ ಮೊದಲ ಬಾರಿಗೆ ತುಂಬಿದ್ದವು. ಜನ ಎದ್ದು ಚಪ್ಪಾಳೆ ತಟ್ಟಿದರು. ನೆವಿಲ್ ಕೈ ಎತ್ತಿದ. ಈ ಬಾರಿ ಬೇಗ ಇಳಿಸುವ ಅಗತ್ಯ ಅವನಿಗೆ ಕಾಣಲಿಲ್ಲ. ಹೆಸರು ಕರೆಯುವುದು ಗೆಲುವಿನ ಗೆರೆಯ ಮುಂದೆ ಬಂದಾಗ. ಅದಕ್ಕೆ ಇನ್ನೂ ಮುಕ್ಕಾಲು ಸುತ್ತು ಇತ್ತು.

ಮೊದಲ ತಿರುವಿನಲ್ಲಿ ಡಗ್ ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದ. ಹೊರಗಿನಿಂದ ಬಂದು, ಒಳಗೆ ನುಗ್ಗಿ, ಪೂರ್ತಿ ವೇಗ ಕೊಟ್ಟ. ಬೈಕು ಆಗಿದ್ದರೆ ಅಡ್ಡ ಜಾರುತ್ತಿತ್ತು. ಟ್ರ್ಯಾಕ್ಟರ್ ಜಾರಲಿಲ್ಲ, ಅಗೆಯಿತು. ಹಿಂದಿನ ದೊಡ್ಡ ಚಕ್ರಗಳು ನೀರುಂಡು ಮೆತ್ತಗಿದ್ದ ಕಲ್ಲುಪುಡಿಯಲ್ಲಿ ಮೊಣಕಾಲಿನ ಆಳಕ್ಕೆ ಎರಡು ಸಾಲು ತೆಗೆದವು. ಟ್ರೇಲರ್ ಮೇಲೆ ಹನ್ನೊಂದು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜನಕ್ಕೆ ಅದು ಪ್ರೀತಿಯ ಹಾಗೆ ಕಂಡು ಇನ್ನೂ ಜೋರಾಗಿ ಕೂಗಿದರು. ಮೂವತ್ತು ವರ್ಷ ಇಂಜಿನ್ನುಗಳ ನಡುವೆ ಕಳೆದ ಡಗ್‌ನ ಕಿವಿಗೆ ಕೂಗು ಮಾತ್ರ ಕೇಳಿಸಿತು, ನಿಲ್ಲಿಸು ಎಂಬ ನೆವಿಲ್‌ನ ಮಾತು ಕೇಳಿಸಲಿಲ್ಲ. ಎರಡನೇ ತಿರುವಿಗೆ ಅವನು ಇನ್ನಷ್ಟು ಹುಮ್ಮಸ್ಸಿನಿಂದ ನುಗ್ಗಿದ.

ನೆವಿಲ್ ಹಿಂದಕ್ಕೆ ತಿರುಗಿ ನೋಡಿದ. ಬೆಳಗಿನಿಂದ ಮಟ್ಟ ಮಾಡಿ, ಮಧ್ಯಾಹ್ನವೆಲ್ಲ ಹದವಾಗಿ ನೀರು ಕುಡಿಸಿ, ಮೇಜಿನ ಬಟ್ಟೆಯ ಹಾಗೆ ಹಾಸಿದ್ದ ಟ್ರ್ಯಾಕು ಉತ್ತ ಹೊಲವಾಗುತ್ತಿತ್ತು. ಇನ್ನು ಅರ್ಧ ಗಂಟೆಗೆ ಇಪ್ಪತ್ತರ ಹರೆಯದ ಹುಡುಗರು ಬ್ರೇಕಿಲ್ಲದ ಬೈಕುಗಳಲ್ಲಿ ಆ ಸಾಲುಗಳ ಮೇಲೆ ಬರುವವರಿದ್ದರು. ಮುಂದಕ್ಕೆ ನೋಡಿದ. ಇನ್ನೆರಡು ತಿರುವು ಕಳೆದರೆ ಗೆಲುವಿನ ಗೆರೆ. ಧ್ವನಿವರ್ಧಕ ಆಗಲೇ ಕೆರಕೆರ ಎನ್ನುತ್ತಿತ್ತು. ಅವನು ಒಂದು ಕ್ಷಣ, ಹೆಚ್ಚೆಂದರೆ ಎರಡು, ಹಾಗೇ ನಿಂತಿದ್ದ. ಆಮೇಲೆ ಕೋಟಿನ ಗುಂಡಿ ಬಿಚ್ಚಿ, ಟ್ರೇಲರಿನಿಂದ ಇಳಿದ.

ಇಳಿದ ಎನ್ನುವುದಕ್ಕಿಂತ ಉರುಳಿದ ಎನ್ನಬೇಕು. ಎದ್ದು, ಟ್ರ್ಯಾಕ್ಟರಿನ ಪಕ್ಕದಲ್ಲೇ ಓಡಿ, ಮಡ್‌ಗಾರ್ಡ್ ಹಿಡಿದು ಹತ್ತಿ, ಇಂಗ್ಲೆಂಡಿನ ಮಾಜಿ ಸವಾರನನ್ನು ಸೊಂಟದಿಂದ ಪಕ್ಕಕ್ಕೆ ತಳ್ಳಿದ.

"ಇದು ನಂದು" ಎಂದ.

ಡಗ್ ಮಡ್‌ಗಾರ್ಡಿನ ಮೇಲೆ ಕೂತು, ಏನಾಯಿತೆಂದು ತಿಳಿಯದೆ ಜನರತ್ತ ಕೈ ಬೀಸುತ್ತಲೇ ಇದ್ದ. ನೆವಿಲ್ ವೇಗ ಇಳಿಸಿ, ಹೊರ ಅಂಚಿನಲ್ಲಿ ಮೊಟ್ಟೆಯ ಮೇಲೆ ನಡೆಯುವ ಹಾಗೆ ಉಳಿದೆರಡು ತಿರುವು ದಾಟಿಸಿದ. ಗೆಲುವಿನ ಗೆರೆಯ ಮುಂದೆ ಹೆಸರುಗಳು ಒಂದೊಂದಾಗಿ ಬಂದವು, ಕರೆಯುತ್ತಿದ್ದವನು ಐವರ್. ಜನ ಕೂಗುವುದು ಕಾಣುತ್ತಿತ್ತು, ಬಾಯಿಗಳು ತೆರೆಯುತ್ತಿದ್ದವು. ಆದರೆ ಟ್ರ್ಯಾಕ್ಟರಿನ ಇಂಜಿನ್ ಮೇಲೆ ಕೂತವನಿಗೆ ಇಂಜಿನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಹಿರಿಯರನ್ನು ಇಳಿಸಿ, ಟ್ರೇಲರ್ ಬಿಚ್ಚಿ, ಕುಂಟೆ ಕಟ್ಟಿಕೊಂಡು ನೆವಿಲ್ ಸೀದಾ ಟ್ರ್ಯಾಕಿಗೆ ಮರಳಿದ. ಇದ್ದದ್ದು ಅರ್ಧ ಗಂಟೆ. ಗೋರ್ಡನ್ ಬೇಲಿಯಾಚೆ ಕೈ ಹೊಸೆಯುತ್ತಾ ಓಡಾಡುತ್ತಿದ್ದ. ಎರಡನೇ ತಿರುವಿಗೆ ಬಂದಾಗ ನೆವಿಲ್ ಇಂಜಿನ್ ಸ್ವಲ್ಪ ತಗ್ಗಿಸಿ, ನಿಲ್ಲಿಸದೆಯೇ, ಗೂಡಿನ ಕಡೆಗೆ ಕೂಗಿದ.

"ಐವರ್ ಏನಂದ?"

"ನಿನ್ನ ಹೆಸರು" ಎಂದಳು ಬೆರಿಲ್.

ಟ್ರ್ಯಾಕ್ಟರ್ ಮುಂದೆ ಹೋಗಿಯಾಗಿತ್ತು. ಅವನು ಒಂದು ಸುತ್ತು ಕುಂಟೆ ಹೊಡೆದು ಮತ್ತೆ ಬಂದ.

"ಅಷ್ಟೇನಾ?"

"ಕ್ಯಾಸಲ್‌ಗೇಟ್ ಅಂದ. ಒಂದು ಓಟ, ಒಂದು ಗೆಲುವು ಅಂದ."

ಮೂರನೇ ಸುತ್ತಿಗೆ ಬರುವಾಗ ಗೂಡಿನ ಮುಂದೆ ಚಹಾ ಹಿಡಿದವರೆಲ್ಲ ಬೇಲಿಗೆ ಒತ್ತಿ ನಿಂತು ಕಾಯುತ್ತಿದ್ದರು.

"ಲೆಕ್ಕಕ್ಕಿಲ್ಲ ಅಂದ್ನಾ?"

"ಹೇಳೋಕೆ ಬಾಯಿ ತೆಗೆದ. ಮೈಕಲ್ಲಿ ಉಸಿರು ಕೇಳಿಸ್ತು" ಎಂದಳು ಬೆರಿಲ್. ಅವನು ದೂರವಾಗುತ್ತಿದ್ದಂತೆ ದನಿ ಏರಿಸಿದಳು. "ಆಮೇಲೆ ಕೆಮ್ಮಿಬಿಟ್ಟ."

ನಾಲ್ಕನೇ ಸುತ್ತಿಗೆ ನೆವಿಲ್ ಏನನ್ನೂ ಕೇಳಲಿಲ್ಲ. ಸಾಲುಗಳು ಮುಚ್ಚಿದ್ದವು, ಕಲ್ಲುಪುಡಿ ಮತ್ತೆ ಸಮನಾಗಿ ಕೂತಿತ್ತು. ಮೇಲಿನ ಕೋಣೆಯಿಂದ ರೆಫರಿ ಹಸಿರು ದೀಪ ತೋರಿಸಿದ, ಪಿಟ್ಟಿನಲ್ಲಿ ಬೈಕುಗಳು ಗುಡುಗತೊಡಗಿದವು, ಗೋರ್ಡನ್ ಎರಡೂ ಕೈ ಮೇಲೆತ್ತಿ ಹೊರಗೆ ಬಾ ಹೊರಗೆ ಬಾ ಎಂದು ಸನ್ನೆ ಮಾಡುತ್ತಿದ್ದ. ನೆವಿಲ್ ಹೊರಗೆ ಹೋಗುವ ಬಾಗಿಲ ಮುಂದೆ ಬಂದ. ಗೋರ್ಡನ್‌ನತ್ತ ನೋಡಿ ತಲೆ ಆಡಿಸಿದ. ಹೊರಗೆ ತಿರುಗದೆ ಬಾಗಿಲನ್ನು ಹಾದು, ಒಳ ಅಂಚಿಗೆ ಒತ್ತಿಕೊಂಡು, ಟ್ರ್ಯಾಕಿಗೆ ಸ್ವಲ್ಪವೂ ಬೇಕಿರದ ಇನ್ನೊಂದು ಸುತ್ತು ಹೊರಟ.